ಕಳ್ಳರ ಸಂತೆಯಲ್ಲಿ ನಮ್ಮ ದವಾಖಾನೆ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಅವ್ವ ನನಗೆ ಬಾಯಿ ತೆರೆಯಲು ಬಿಡುತ್ತಿರಲಿಲ್ಲ.

“ಕಳ್ಳರ ಸಂತಿ ಕಾಯತಾಳ,” ಅನ್ನುತ್ತಿದ್ದಳು. “ಯಾರ ಮನ್ಯಾಗ ಏನ ಕಳುವಾಗೇತಿ ಅಂತ ಕುಂತ ನೋಡೋದು. ಹಿಡಿಯಂಗಿಲ್ಲ, ಹೊಡಿಯಂಗಿಲ್ಲ. ಬರೇ ನೋಡೋದು.”

ಹುನಗುಂದದ ಸಾಲಿಯಲ್ಲಿ ನಿವೃತ್ತಿಯವರೆಗೂ ಕನ್ನಡ ಕಲಿಸಿದ ಬಾಯಿ ಅದು. ಊರೆಲ್ಲ ಅವಳನ್ನು ಅಕ್ಕೋರು ಅನ್ನುತ್ತಿತ್ತು, ಅವಳ ಕೈಯ ಏಟು ತಿಂದವರು ಈಗ ಮೊಮ್ಮಕ್ಕಳನ್ನು ಆಡಿಸುತ್ತಿದ್ದರೂ ಬೀದಿಯಲ್ಲಿ ಎದುರಾದರೆ ಬದಿಗೆ ಸರಿಯುತ್ತಿದ್ದರು. ನನ್ನ ಕೆಲಸದ ಬಗ್ಗೆ ಅವಳು ಹೇಳಿದ್ದು ತಪ್ಪೂ ಅಲ್ಲ. ಇಂಟರ್‌ನೆಟ್ಟಿನಲ್ಲಿ ಸಾಮಾನ್ಯ ಹುಡುಕಾಟಕ್ಕೆ ಸಿಗದ ಒಂದು ಕೇರಿ ಇದೆ. ಡಾರ್ಕ್ ವೆಬ್ ಅನ್ನುತ್ತಾರೆ. ಕದ್ದ ಪಾಸ್‌ವರ್ಡು, ಬ್ಯಾಂಕಿನ ಗಿರಾಕಿಗಳ ವಿವರ, ಯಾವುದೋ ಕಚೇರಿಯ ಕಂಪ್ಯೂಟರಿನೊಳಗೆ ನುಸುಳುವ ದಾರಿ, ಎಲ್ಲವನ್ನೂ ಅಲ್ಲಿ ಹೆಸರಿಲ್ಲದವರು ಹೆಸರಿಲ್ಲದವರಿಗೆ ಮಾರುತ್ತಾರೆ. ನಮ್ಮ ಕಂಪನಿಯ ಹತ್ತಿರ ಆ ಸಂತೆಯನ್ನು ಹಗಲೂ ರಾತ್ರಿ ಸುತ್ತುವ ಒಂದು ತಂತ್ರಾಂಶ ಇತ್ತು. ನಮ್ಮ ಗಿರಾಕಿಗಳಿಗೆ ಸಂಬಂಧಪಟ್ಟ ಪದಗಳನ್ನು ಅದಕ್ಕೆ ಕೊಟ್ಟಿರುತ್ತಿದ್ದೆವು. ಅಂಥ ಪದ ಎಲ್ಲಾದರೂ ಕಂಡರೆ ನನ್ನ ಪರದೆಯ ಮೇಲೆ ಕೆಂಪು ಗುರುತು ಬೀಳುತ್ತಿತ್ತು. ಅದು ಖರೆ ಮಾಲೋ, ಹಳೆಯದನ್ನೇ ತಿಕ್ಕಿ ತೊಳೆದು ಮಾರುತ್ತಿದ್ದಾರೋ ನೋಡಿ ಗಿರಾಕಿಗೆ ಎಚ್ಚರಿಕೆ ಕಳಿಸುವುದು ನನ್ನ ಪಾಲಿನ ಕೆಲಸ.

ಕಚೇರಿ ಇದ್ದದ್ದು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ. ಸೋಮವಾರ ಬಸ್ಸು ಹಿಡಿದು ಹೋಗುತ್ತಿದ್ದೆ, ಉಳಿದ ದಿನ ಹುನಗುಂದದ ಮನೆಯಲ್ಲೇ ಕೂತು ಮಾಡುತ್ತಿದ್ದೆ. ಅವ್ವನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ವಾರಕ್ಕೆ ಮೂರು ಸಲ ಅವಳನ್ನು ಇಳಕಲ್ಲಿಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕಿತ್ತು. ಅಲ್ಲಿನ ಖಾಸಗಿ ದವಾಖಾನೆಯ ಮುದುಕ ಡಾಕ್ಟರು ನಮ್ಮ ಮನೆಗೆ ದೇವರಿದ್ದಂತೆ. ನಾನು ಹುಟ್ಟಿದ್ದು ಅವರ ಕೈಯಲ್ಲಿ, ಅಪ್ಪ ಕಣ್ಣು ಮುಚ್ಚಿದ್ದೂ ಅವರ ಎದುರಿಗೇ. ಈಗ ಅವರಿಗೆ ವಯಸ್ಸಾಗಿ ಆಡಳಿತವನ್ನೆಲ್ಲ ಅಳಿಯ ನೋಡಿಕೊಳ್ಳುತ್ತಿದ್ದ.

ಅಲ್ಲಿ ಅವ್ವನ ಪಕ್ಕದ ಹಾಸಿಗೆ ಒಬ್ಬ ಕುರಿಗಾರ ಅಜ್ಜನದು. ರಕ್ತ ಯಂತ್ರದೊಳಗೆ ಹೋಗಿ ಬರುವ ನಾಲ್ಕು ತಾಸೂ ಇಬ್ಬರೂ ಜಗಳಾಡುತ್ತಿದ್ದರು. ಅವನು ಕುರಿಗಾರರ ದೇವರು ಬೀರಪ್ಪನ ಪದ ಗುನುಗಿದರೆ ಅವ್ವ, “ಆ ಸಾಲು ತಪ್ಪು ಹೇಳಿದಿ,” ಅನ್ನುತ್ತಿದ್ದಳು. ಅವನು, “ನೀ ಕಲಿಸಿದ ಪದ ಅಲ್ಲ ಬಿಡ ಅಕ್ಕೋರ, ನನ್ನ ಕುರಿ ಒಪ್ಯಾವ,” ಅನ್ನುತ್ತಿದ್ದ. ಅವಳು ನಕ್ಕದ್ದನ್ನು ಆ ವರ್ಷಗಳಲ್ಲಿ ನಾನು ನೋಡಿದ್ದು ಅಲ್ಲಿ ಮಾತ್ರ.

ಒಂದು ದಿನ ಬೆಳಿಗ್ಗೆ ಅವ್ವನಿಗೆ ಅಳತೆಯ ನೀರು ಕೊಟ್ಟು ಬಂದು ಕೂತಾಗ ಪರದೆಯ ಮೇಲೆ ಕೆಂಪು ಗುರುತು ಬಿದ್ದಿತ್ತು, ನಮ್ಮ ಗಿರಾಕಿಗಳಾದ ಆಸ್ಪತ್ರೆಗಳಿಗಾಗಿ ಕೊಟ್ಟಿದ್ದ ಒಂದು ಪದಕ್ಕೆ. ಸಂತೆಯಲ್ಲಿ ಯಾವನೋ ಹೊಸ ಮಾಲು ಇಟ್ಟಿದ್ದ. ದಕ್ಷಿಣ ಭಾರತದ ಒಂದು ಸಣ್ಣ ಖಾಸಗಿ ಆಸ್ಪತ್ರೆ. ಹೆಸರು ಹೇಳಿರಲಿಲ್ಲ, ಕೊಂಡವರಿಗೆ ಮಾತ್ರ ಹೇಳುತ್ತೇನೆ ಅಂದಿದ್ದ. ಬಿಲ್ಲಿಂಗ್ ಕಂಪ್ಯೂಟರಿನ ಮೂಲಕ ಇಡೀ ಜಾಲ ಕೈಗೆ ಸಿಗುತ್ತದೆ, ದಾಖಲೆಗಳ ನಕಲನ್ನು ಅವರು ಎಲ್ಲೂ ತೆಗೆದಿಟ್ಟಿಲ್ಲ ಎಂದು ಹರುಕು ಇಂಗ್ಲಿಷಿನಲ್ಲಿ ಬರೆದಿದ್ದ. ಕೊನೆಗೆ ಒಂದು ಸಾಲು ಸೇರಿಸಿದ್ದ. ಇಲ್ಲಿ ಡಯಾಲಿಸಿಸ್ ಇದೆ, ಬೀಗ ಹಾಕಿದರೆ ಬೇಗ ಮಣಿಯುತ್ತಾರೆ.

ಆ ಸಾಲಿನಲ್ಲಿ ಸಿಟ್ಟಿರಲಿಲ್ಲ, ದ್ವೇಷವೂ ಇರಲಿಲ್ಲ. ದನದ ಸಂತೆಯಲ್ಲಿ, ಈ ಹೋರಿಯ ಹಲ್ಲು ಚೆನ್ನಾಗಿವೆ ಎಂದು ಹೇಳಿದ ಹಾಗಿತ್ತು.

ಒಳಗೆ ಹೊಕ್ಕಿದ್ದಕ್ಕೆ ಸಾಕ್ಷಿ ಬೇಕಲ್ಲ, ಆ ಕಂಪ್ಯೂಟರಿನ ಪರದೆಯ ಚಿತ್ರವನ್ನೂ ಹಾಕಿದ್ದ. ಹೆಸರು ಬರುವ ಕಡೆಯೆಲ್ಲ ಕಪ್ಪು ಬಳಿದಿದ್ದ. ಆದರೆ ಪರದೆಯ ಹಿನ್ನೆಲೆಯ ಫೋಟೋವನ್ನು ಹಾಗೆಯೇ ಬಿಟ್ಟಿದ್ದ. ಬಾದಾಮಿಯ ಹೊಂಡದ ಮೆಟ್ಟಿಲ ಮೇಲೆ ಒಂದಷ್ಟು ಜನ ಸಾಲಾಗಿ ನಿಂತಿದ್ದರು, ಹಿಂದೆ ಕೆಂಪು ಬಂಡೆ. ನಡುವೆ ಬಿಳಿ ಟೊಪ್ಪಿಗೆ ಹಾಕಿಕೊಂಡ ನಮ್ಮ ಡಾಕ್ಟರು. ಅವರ ಎಡಕ್ಕೆ ಅವ್ವನಿಗೆ ಸೂಜಿ ಚುಚ್ಚುವ ಟೆಕ್ನಿಷಿಯನ್, ಹಲ್ಲು ಕಿರಿದು ಎರಡು ಬೆರಳು ಎತ್ತಿದ್ದ. ದವಾಖಾನೆಯವರೆಲ್ಲ ಬಾದಾಮಿಗೆ ಹೋಗಿ ಬಂದ ಸುದ್ದಿಯನ್ನು ಅವನು ಅವ್ವನಿಗೆ ಹೇಳುವಾಗ ನಾನು ಅಲ್ಲೇ ಕೂತಿದ್ದೆ.

ವಿದ್ಯಾಗಿರಿಗೆ ಫೋನ್ ಮಾಡಿದೆ. ನಮ್ಮ ಮುಖ್ಯಸ್ಥ ಒಳ್ಳೆಯವನೇ, ನಿಯಮ ಬಿಟ್ಟು ಅತ್ತಿತ್ತ ಹೋಗದವನು.

“ಅವರು ನಮ್ಮ ಗಿರಾಕಿ ಏನ್ರಿ?”

“ಅಲ್ರಿ ಸರ್. ನಮ್ಮವ್ವ ಅಲ್ಲೇ ಡಯಾಲಿಸಿಸ್ ಮಾಡಸ್ಕೋತಾಳ.”

“ಇಂಥಾದ್ದನ್ನ ನೋಡೋ ಸರಕಾರದ ಸಂಸ್ಥೆಗೆ ಮೇಲ್ ಹಾಕ್ರಿ, ಮುಗೀತು. ನೀವಾಗಿ ಹೋಗಬ್ಯಾಡ್ರಿ. ಕೇಳಲಾರದವರಿಗೆ ಹೋಗಿ ಹೇಳಿದ್ರ ನಮ್ಮ ಮ್ಯಾಲೇ ಬರತೈತಿ.”

ಮೇಲ್ ಹಾಕಿದೆ. ತಲುಪಿದೆ ಎಂದು ಯಂತ್ರ ಬರೆದ ಉತ್ತರ ಬಂತು. ಮರುದಿನ ಅವ್ವನ ಪಾಳಿ. ಅವಳನ್ನು ಹಾಸಿಗೆ ಮೇಲೆ ಮಲಗಿಸಿ, ಸೂಜಿ ಹೋದದ್ದನ್ನು ನೋಡಿ, ನೆಟ್ಟಗೆ ಡಾಕ್ಟರ ಕೋಣೆಗೆ ಹೋದೆ. ಅಳಿಯನೂ ಅಲ್ಲಿದ್ದ. ಚಿತ್ರ ತೋರಿಸಿ ಎಲ್ಲ ಹೇಳಿದೆ. ಬಿಲ್ಲಿಂಗ್ ಕಂಪ್ಯೂಟರನ್ನು ಈಗಲೇ ಜಾಲದಿಂದ ಬಿಡಿಸಿರಿ, ಪಾಸ್‌ವರ್ಡುಗಳನ್ನೆಲ್ಲ ಬದಲಿಸಿರಿ, ರೋಗಿಗಳ ವಿವರವನ್ನು ಬೇರೆ ಕಡೆ ನಕಲು ಮಾಡಿಡಿರಿ, ಯಾರಾದರೂ ತಿಳಿದವರನ್ನು ಕರೆಸಿರಿ ಅಂದೆ.

ಡಾಕ್ಟರು ಚಿತ್ರವನ್ನು ಹತ್ತಿರ ಹಿಡಿದು ನೋಡಿ ನಕ್ಕರು. “ಟೊಪಗಿ ಚೊಲೋ ಕಾಣತೈತಿ ಅಲ್ಲ?” ಅಂದರು.

ಅಳಿಯ ನಗಲಿಲ್ಲ. “ನಿಮ್ಮ ಕಂಪನಿ ಏನ ಮಾರತೈತ್ರಿ ಮೇಡಂ?”

“ನಾ ಮಾರಾಕ ಬಂದಿಲ್ರಿ. ನಮ್ಮವ್ವ ಇಲ್ಲಿ ಮಲಗ್ಯಾಳ, ಅದಕ್ಕ ಬಂದೀನಿ.”

“ಎಲ್ಲಾರೂ ಹಿಂಗ ಅಂತಾರ. ಮೊದಲ ಅಂಜಸತಾರ, ಆಮ್ಯಾಲೆ ಮದ್ದು ಮಾರತಾರ. ನಮ್ಮ ಕಂಪ್ಯೂಟರಿನ ಚಿತ್ರ ನಿಮ್ಮ ಮೊಬೈಲಿನ್ಯಾಗ ಹೆಂಗ ಬಂತು, ಅದನ್ನಷ್ಟು ಹೇಳ್ರಿ.”

ಮತ್ತೊಮ್ಮೆ ಮೊದಲಿನಿಂದ ಹೇಳಿದೆ. ಅವನು ನನ್ನ ಮಾತು ಕೇಳುತ್ತಿರಲಿಲ್ಲ, ನನ್ನನ್ನು ಅಳೆಯುತ್ತಿದ್ದ. ಡಾಕ್ಟರು ಚಹಾ ತರಿಸಿದರು. “ನೋಡೂಣು ತಂಗಿ, ಹುಡುಗೂರಿಗೆ ಹೇಳತೇನಿ,” ಅಂದರು. ನಾನು ಹೊರಗೆ ಬಂದೆ.

ಆಮೇಲೆ ಪ್ರತಿ ಪಾಳಿಗೂ ಹೋದಾಗ ಬಿಲ್ಲಿಂಗ್ ಕೌಂಟರಿನತ್ತ ನೋಡುತ್ತಿದ್ದೆ. ಅದೇ ಕಂಪ್ಯೂಟರು, ಅದೇ ಬಾದಾಮಿಯ ಚಿತ್ರ. ಸಂತೆಯಲ್ಲಿ ಆ ಮಾಲಿನ ಮುಂದೆ ಒಂದು ದಿನ ‘ಮಾರಾಟವಾಗಿದೆ’ ಎಂದು ಬಿತ್ತು. ಕೊಂಡವನು ಕೆಳಗೆ ಮೆಚ್ಚುಗೆ ಬರೆದಿದ್ದ. ಮಾಲು ಹೇಳಿದಂತೆಯೇ ಇದೆ, ಮಾರುವವನು ಮರ್ಯಾದಸ್ಥ, ಮುಂದೆಯೂ ವ್ಯವಹಾರ ಮಾಡುತ್ತೇನೆ. ನಾನು ಅಳಿಯನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಅವತ್ತೇ ವಾಟ್ಸಾಪಿನಲ್ಲಿ ಸಂದೇಶ ಕಳಿಸಿದೆ, ಮಾರಾಟವಾಗಿದೆ, ದಯವಿಟ್ಟು ಇವತ್ತೇ ಏನಾದರೂ ಮಾಡಿರಿ ಎಂದು. ನೋಡಿದ್ದಕ್ಕೆ ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಅದಾದ ವಾರದೊಳಗೆ ಅವ್ವನನ್ನು ಕರೆದುಕೊಂಡು ಹೋದಾಗ ದವಾಖಾನೆಯ ಬಾಗಿಲಲ್ಲಿ ಜನ ನಿಂತಿದ್ದರು. ಕಂಪ್ಯೂಟರುಗಳೆಲ್ಲ ಬೀಗ ಹಾಕಿಕೊಂಡಿದ್ದವು. ಪ್ರತಿ ಪರದೆಯ ಮೇಲೂ ಒಂದೇ ಬೆದರಿಕೆ, ಹಣ ಕೊಟ್ಟರಷ್ಟೇ ಬೀಗ ತೆಗೆಯುತ್ತೇವೆ ಎಂದು. ಡಯಾಲಿಸಿಸ್ ಕೋಣೆಯ ಕದ ಹಾಕಿತ್ತು. ಟೆಕ್ನಿಷಿಯನ್ ಹೊರಗೆ ಬಂದು ಅವ್ವನ ಮುಂದೆ ಕೈ ಮುಗಿದ.

“ಮಷೀನ್ ಚಾಲೂ ಅದಾವ್ರಿ ಅಕ್ಕೋರ. ಆದರ ಯಾರ ರಕ್ತದಾಗ ಕಾಮಾಲಿ ಐತಿ, ಯಾರಿಗೆ ಯಾವ ಮಷೀನ್, ಯಾರಿಗೆ ಎಷ್ಟು ನೀರು ತಗೀಬೇಕು, ಎಲ್ಲಾ ಕಂಪ್ಯೂಟರಿನ್ಯಾಗ ಇತ್ತರಿ. ಒಬ್ಬರದು ಒಬ್ಬರಿಗೆ ಆತಂದ್ರ ಸತ್ತ ಹೋಗತಾರ. ಡಾಕ್ಟರ ಅಳಿಯಾರು ಬ್ಯಾಡ ಅಂದಾರ.”

“ನಂದು ನನಗ ನೆನಪೈತಿ. ಬರಕೋ,” ಅಂದಳು ಅವ್ವ.

“ಇಲ್ರಿ ಅಕ್ಕೋರ.”

ಕುರಿಗಾರ ಅಜ್ಜ ಗೋಡೆಗೆ ಒರಗಿ ಕಂಬಳಿ ಹಾಸಿ ಕೂತಿದ್ದ. ಮುಖ ಊದಿತ್ತು. ಉಸಿರು ಬಿಡುವಾಗ ಎದೆಯಲ್ಲಿ ಗೊರಗೊರ ಸದ್ದು. ಎರಡು ದಿನದ ನೀರು ಮೈಯಲ್ಲಿ ತುಂಬಿದವರು ಹಾಗೆಯೇ ಇರುತ್ತಾರೆ. ನಾನು ಬಾಗಲಕೋಟೆಗೆ ಹೋಗಲು ಬಾಡಿಗೆ ಕಾರು ಕರೆಸಿದೆ. ಹಿಂದಿನ ಸೀಟಿನಲ್ಲಿ ಜಾಗ ಇತ್ತು.

“ಅವ್ವಾ, ಅಜ್ಜನ್ನೂ ಕರಕೊಂಡು ಹೋಗೂಣು.”

ಅವ್ವ ಅವನತ್ತ ನೋಡಲೂ ಇಲ್ಲ. “ಅವನ ಮಂದಿ ಬರತಾರ. ಅಲ್ಲಿ ಒಂದ ಹಾಸಿಗಿ ಖಾಲಿ ಇತ್ತಂದ್ರ ಯಾರಿಗೆ ಕೊಡತಾರ, ನನಗೋ ಅವಗೋ? ನಡಿ.”

ಅಜ್ಜನಿಗೆ ಕೇಳಿಸಿತು. “ಹೋಗ್ರಿ ಅಕ್ಕೋರ,” ಅಂದ. “ನನ್ನ ಮಗಳು ಬೇವೂರಿಂದ ಬರಾಕತ್ತಾಳ. ಆಕಿ ಬರೋತನಾ ನಾ ಎಲ್ಲೂ ಹೋಗಂಗಿಲ್ಲ.”

ಅದು ಅವನ ಮನಸ್ಸಿನ ಮಾತೋ, ಅವ್ವನ ಮಾತು ಕೇಳಿ ಹೇಳಿದ್ದೋ ನನಗೆ ಇಂದಿಗೂ ತಿಳಿಯದು.

ಬಾಗಲಕೋಟೆಯಲ್ಲಿ ಅಲೆದು ಅಲೆದು, ಸಂಜೆಯ ಹೊತ್ತಿಗೆ ಒಂದು ಕಡೆ ಅವ್ವನಿಗೆ ಹಾಸಿಗೆ ಸಿಕ್ಕಿತು. ಇದೊಂದೇ ಸಲ, ಕಾಯಂ ಪಾಳಿ ನಮ್ಮಲ್ಲಿ ಖಾಲಿ ಇಲ್ಲ ಎಂದು ಮೊದಲೇ ಹೇಳಿದರು. ಅಜ್ಜನ ಮಗಳು ಇಳಕಲ್ಲಿಗೆ ಬಂದು, ನಾಳೆ ಚಾಲೂ ಆಗುತ್ತದೆ ಎಂದ ಅಳಿಯನ ಮಾತು ನಂಬಿ ಅವನನ್ನು ಅವನ ಊರಿಗೆ ಕರೆದುಕೊಂಡು ಹೋದಳು. ಮರುದಿನ ಉಸಿರು ಸಿಗದಾದಾಗ ಟಂಟಂ ಗಾಡಿಯಲ್ಲಿ ಹಾಕಿಕೊಂಡು ಬಾಗಲಕೋಟೆಗೆ ಹೊರಟರು. ಅಮೀನಗಡ ದಾಟಿದ ಮೇಲೆ ಅವನು ಮಗಳ ತೊಡೆಯ ಮೇಲೆ ಸತ್ತ.

ಈ ಸುದ್ದಿ ಹೇಳಿದಾಗ ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. “ಆ ಸಾಲು ಅವ ಸರಿಯಾಗೇ ಹೇಳತಿದ್ದ,” ಅಂದಳು. ಅಷ್ಟೇ.

ಮೂರನೆಯ ದಿನ ಠಾಣೆಯಿಂದ ಫೋನ್ ಬಂತು. ದೂರು ಕೊಟ್ಟವನು ಅಳಿಯ. ಈ ಹೆಣ್ಣುಮಗಳು ತನ್ನ ಕಂಪನಿಯ ಸೇವೆ ಮಾರಲು ಬಂದಿದ್ದಳು, ನಾವು ಒಪ್ಪಲಿಲ್ಲ, ಮಾರಾಟವಾಗಿದೆ ಎಂದು ಸಂದೇಶ ಕಳಿಸಿ ಬೆದರಿಸಿದಳು, ನಂತರ ದಾಳಿಯಾಯಿತು, ರೋಗಿಯೊಬ್ಬರು ತೀರಿಕೊಂಡರು ಎಂದು ಬರೆದಿದ್ದ. ಒಂದೊಂದು ಘಟನೆಯೂ ನಡೆದದ್ದೇ. ಜೋಡಿಸಿದ ರೀತಿಯಷ್ಟೇ ಅವನದು.

ಠಾಣೆಯ ಸಾಹೇಬರು ಬಿರುಸಾಗಿ ಮಾತಾಡಲಿಲ್ಲ. ನೀರು ಕೊಟ್ಟರು, ಕೂರಿಸಿದರು, ಎಲ್ಲ ಕೇಳಿದರು. ಕೊನೆಗೆ ನನ್ನ ಲ್ಯಾಪ್‌ಟಾಪು, ಮೊಬೈಲು ಎರಡನ್ನೂ ಇಟ್ಟುಕೊಂಡರು.

“ಕಳ್ಳ ಯಾವ ದೇಶದಾಗ ಕುಂತಾನೋ ಯಾರಿಗೆ ಗೊತ್ತರಿ,” ಅಂದರು. “ಆದರ ಅವನ ಹೆಸರ ಇಲ್ಲ. ನಿಮ್ಮ ಹೆಸರ ಐತಿ.”

ಹುನಗುಂದದಲ್ಲಿ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಎದುರು ಮನೆಯವಳು ದಿನಾ ಕೊಡುತ್ತಿದ್ದ ಹಾಲು ಕೊಡಲಿಲ್ಲ, ಎಮ್ಮೆ ಬತ್ತಿದೆ ಅಂದಳು. ಅವಳು ಹಾಲು ಕರೆಯುವ ಸದ್ದು ನಮ್ಮ ಕಿಟಕಿಗೆ ಕೇಳುತ್ತಿತ್ತು. ಅವ್ವನ ಹಳೆಯ ವಿದ್ಯಾರ್ಥಿಯೊಬ್ಬ ಅಂಗಡಿಯಲ್ಲಿ ನನ್ನನ್ನು ನೋಡಿ ಪಕ್ಕದವನಿಗೆ, “ಮನ್ಯಾಗ ಕುಂತು ಬಟನ್ ಒತ್ತಿ ಮಷೀನ್ ಬಂದ್ ಮಾಡ್ಯಾಳಂತಲೇ,” ಅಂದ. ಮೆತ್ತಗೆ ಅನ್ನಲಿಲ್ಲ.

ಒಂದು ಮಧ್ಯಾಹ್ನ ಅಜ್ಜನ ಮಗಳು ಮನೆಗೆ ಬಂದಳು. ಜೊತೆಗೆ ಇನ್ನಿಬ್ಬರು ಹೆಂಗಸರು. ನಾನು ಬಾಗಿಲು ತೆರೆದೆ. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ದನಿ ಏರಿಸಲೇ ಇಲ್ಲ.

“ನೀನ ಏನು ಅಕ್ಕೋರ ಮಗಳು?”

“ಹೌದ್ರಿ.”

“ನಮ್ಮಪ್ಪ ನಿಮ್ಮವ್ವನ ಬಾಜೂಕ ಮಲಗತಿದ್ದ. ನಿಮ್ಮವ್ವನ್ನ ಕಾರಿನ್ಯಾಗ ಹಾಕ್ಕೊಂಡು ಹೋಗಿ ಉಳಿಸ್ಕೊಂಡಿ. ನಮ್ಮಪ್ಪ ನಿನಗ ಏನ ಮಾಡಿದ್ದ?”

“ನಾ ಮಾಡಿಲ್ರಿ. ಹಿಂಗಾಗತೈತಿ ಅಂತ ಅವರಿಗೆ ಮೊದಲ ಹೇಳಿದಾಕಿನ ನಾನು.”

“ಆಗತೈತಿ ಅಂತ ಗೊತ್ತಿತ್ತಲ್ಲ? ದವಾಖಾನಿಯವರೂ ಅದನ್ನ ಹೇಳಿದರು. ಮೊದಲ ಗೊತ್ತಿದ್ದದ್ದು ನಿನಗೊಬ್ಬಾಕಿಗೆ ಅಂತ.”

ಬಾಗಿ ನಮ್ಮ ಅಂಗಳದ ಮಣ್ಣು ಹಿಡಿಯಷ್ಟು ತೆಗೆದುಕೊಂಡು ನನ್ನ ಮುಖಕ್ಕೆ ತೂರಿದಳು. “ನಿನ್ನ ಮನಿ ಹಾಳಾಗಲಿ. ನಿಮ್ಮವ್ವನೂ ದಾರ್ಯಾಗ ಸಾಯಲಿ, ನಿನ್ನ ತೊಡಿ ಮ್ಯಾಲ,” ಅಂದು ತಿರುಗಿದಳು. ಕಣ್ಣಲ್ಲಿ ಮಣ್ಣು ಬಿದ್ದು ನನಗೆ ಏನೂ ಕಾಣುತ್ತಿರಲಿಲ್ಲ. ಚಪ್ಪಲಿ ಸದ್ದು ದೂರವಾಗುವುದು ಕೇಳಿತು. ಒಳಗಿನಿಂದ ಅವ್ವನ ದನಿ ಬಂತು.

“ಹೋದ್ರೇನು? ಬಾಗಲಾ ಹಾಕು. ಗಾಳಿ ಬರತೈತಿ.”

ಅವ್ವನಿಗೂ ಹೆಚ್ಚು ಹೊತ್ತು ಉಳಿದಿರಲಿಲ್ಲ. ಇಳಕಲ್ಲಿನ ಯಂತ್ರಗಳು ಮತ್ತೆ ಶುರುವಾಗಿದ್ದವು, ಉಳಿದವರೆಲ್ಲರ ರಕ್ತ ಹೊಸದಾಗಿ ಪರೀಕ್ಷಿಸಿ ಪಾಳಿ ಕೊಟ್ಟಿದ್ದರು. ನಾವು ಹೋದರೆ ಕೌಂಟರಿನಲ್ಲಿ ಅವ್ವನ ಹೆಸರು ತೆಗೆದುಹಾಕಲಾಗಿದೆ ಅಂದರು; ಮಗಳು ತಪ್ಪೊಪ್ಪಿಗೆ ಬರೆದುಕೊಟ್ಟರೆ ಮಾತ್ರ ಪಾಳಿ ಎಂದು ಅಳಿಯ ಹೇಳಿಕಳಿಸಿದ. ಬಾಗಲಕೋಟೆಯಲ್ಲಿ ಇನ್ನೊಂದು ಸಲ ಕಾಡಿಬೇಡಿ ಮಾಡಿಸಿದೆ. ಮೂರನೆಯ ಸಲ ಅವರು ಒಳಗೇ ಬಿಡಲಿಲ್ಲ. ಅವ್ವನ ಕಾಲು ಊದಿ ಚಪ್ಪಲಿ ಹಿಡಿಸಲಿಲ್ಲ. ಒತ್ತಿದರೆ ಬೆರಳಿನ ಗುಣಿ ಹಾಗೇ ಉಳಿಯುತ್ತಿತ್ತು. ಅವಳು ಅಳುವವಳಲ್ಲ. ಊದಿದ ಕಣ್ಣಿನಿಂದ ನನ್ನನ್ನು ದಿಟ್ಟಿಸಿ, “ಅವರು ಏನ ಕೇಳತಾರ ಅದನ್ನ ಕೊಡು,” ಅಂದಳು.

“ತಪ್ಪೊಪ್ಪಿಗಿ ಕೇಳಾಕತ್ತಾರ ಅವ್ವಾ. ನಾ ಮಾಡಲಾರದ್ದನ್ನ ಮಾಡೀನಿ ಅಂತ ಬರದ ಕೊಡಬೇಕಂತ.”

“ಕೊಡು.”

“ನನ್ನ ನೌಕರಿ ಹೊಕ್ಕೇತಿ. ಹೆಸರು ಹೊಕ್ಕೇತಿ.”

“ನನ್ನ ಜೀವ ಹೊಂಟೈತಿ,” ಅಂದಳು. “ನಿನಗ ಯಾರು ನೋಡು ಅಂದಿದ್ರು? ನೋಡಿದಿ, ಬಾಯಿ ಮುಚ್ಚಿಕೊಂಡು ಇರಾಕ ಏನಾಗಿತ್ತು? ನೀ ಹೇಳಿದ್ದಕ್ಕ ಒಬ್ಬರ ಉಳದಾರೇನು? ಹೇಳು, ಒಬ್ಬರು?”

ಮರುದಿನ ಬೆಳಿಗ್ಗೆ ಇಳಕಲ್ಲಿಗೆ ಹೋದೆವು.

ಡಾಕ್ಟರ ಕೋಣೆಯಲ್ಲಿ ಅಳಿಯ ಕಾಗದವನ್ನು ಟೈಪ್ ಮಾಡಿಸಿ ಇಟ್ಟಿದ್ದ. ನಾನು ಆಸ್ಪತ್ರೆಯ ಕಂಪ್ಯೂಟರುಗಳನ್ನು ಅನುಮತಿ ಇಲ್ಲದೆ ಪರಿಕ್ಷೆ ಮಾಡಿರುತ್ತೇನೆ, ಇದರಿಂದ ಆದ ಎಲ್ಲ ತೊಂದರೆಗೆ ಕ್ಷಮೆ ಕೋರುತ್ತೇನೆ ಎಂದಿತ್ತು. ಇದಕ್ಕೆ ಸಹಿ ಹಾಕಿದರೆ ದೂರು ವಾಪಸ್ಸು, ಅವ್ವನಿಗೆ ಹಳೆಯ ಪಾಳಿ.

ನಾನು ಡಾಕ್ಟರ ಮುಖ ನೋಡಿದೆ. ಅವರು ಅವ್ವನ ಕಾಲ ಬಳಿ ಬಾಗಿ ಊತ ಒತ್ತಿ ನೋಡುತ್ತಿದ್ದರು.

“ಸಾಹೇಬ್ರ, ನಾ ನಿಮಗ ಬಂದು ಹೇಳಿದ್ದೆ. ನೀವು ಚಹಾ ಕುಡಿಸಿದ್ರಿ. ನೆನಪೈತೇನ್ರಿ?”

“ನೆನಪೈತಿ ತಂಗಿ,” ಅಂದರು ತಲೆ ಎತ್ತದೆ. “ಸಹಿ ಮಾಡು. ದೊಡ್ಡ ಮಾತಲ್ಲ. ಅಕ್ಕೋರಿಗೆ ಇವತ್ತ ಮಾಡಲಿಲ್ಲಂದ್ರ ಭಾಳ ತ್ರಾಸಾಗತೈತಿ.”

ಕಾಗದ ಎತ್ತಿಕೊಳ್ಳುವ ಮೊದಲೇ ಅವ್ವ ಕೈ ಚಾಚಿದಳು. ಕನ್ನಡಕ ಏರಿಸಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದಳು. ಒಂದು ಕ್ಷಣ ನನಗೆ ಆಸೆ ಹುಟ್ಟಿತು, ಹರಿದು ಎಸೆಯುತ್ತಾಳೆ ಎಂದು. ಮಕ್ಕಳು ಕದ್ದು ಬರೆದ ಉತ್ತರಪತ್ರಿಕೆಗಳನ್ನು ಅವಳು ಹಾಗೆ ಹರಿಯುತ್ತಿದ್ದಳಂತೆ.

“ಪೆನ್ ತಗೋ,” ಅಂದಳು ನನಗೆ. “ಪರೀಕ್ಷೆಗೆ ದೀರ್ಘ ಇಲ್ಲ. ದೀರ್ಘ ಹಾಕಿ ಸಹಿ ಮಾಡು. ಹೆಸರ ಹಾಕೋ ಕಾಗದದಾಗ ತಪ್ಪು ಇರಬಾರದು.”

ದೀರ್ಘ ಹಾಕಿದೆ. ಸಹಿ ಮಾಡಿದೆ. ಒಂದು ತಾಸಿನೊಳಗೆ ಅವಳ ಕೈಗೆ ಸೂಜಿ ಹೋಯಿತು. ಟೆಕ್ನಿಷಿಯನ್ ನನ್ನ ಮುಖ ನೋಡದೆ ಟೇಪು ಅಂಟಿಸಿದ. ಪಕ್ಕದ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಅವ್ವ ಕಣ್ಣು ಮುಚ್ಚಿ ಗೊರಕೆ ಹೊಡೆದಳು. ಅಷ್ಟು ನೆಮ್ಮದಿಯ ನಿದ್ದೆಯನ್ನು ಅವಳು ಎಷ್ಟೋ ದಿನಗಳಿಂದ ಮಾಡಿರಲಿಲ್ಲ.

ಕಾಗದದ ಫೋಟೋ ಅವತ್ತೇ ಇಳಕಲ್ಲಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಹುನಗುಂದಕ್ಕೆ ಬಂತು, ವಿದ್ಯಾಗಿರಿಗೂ ಹೋಯಿತು. ಮುಖ್ಯಸ್ಥ ನನ್ನನ್ನು ಕರೆಸಿ ಬಾಗಿಲು ಹಾಕಿದ.

“ನೀವು ಮಾಡಿಲ್ಲ ಅನ್ನೋದು ನನಗ ಗೊತ್ತೈತ್ರಿ.”

“ಹಂಗಿದ್ದರ ಹೇಳ್ರಿ ಸರ್, ಎಲ್ಲಾರ ಮುಂದ.”

“ಹೇಳಾಕ ಹೆಂಗ ಬರತೈತ್ರಿ? ನೀವ ಸಹಿ ಮಾಡೀರಿ. ನಮ್ಮ ಗಿರಾಕಿಗಳು ಇವತ್ತ ಮುಂಜಾನಿಂದ ಫೋನ್ ಮಾಡಾಕತ್ತಾರ, ನಮ್ಮ ಮನಿ ಕಾಯಾಕ ಇಟ್ಟೀರೋ ದೋಚಾಕ ಇಟ್ಟೀರೋ ಅಂತ.” ರಾಜೀನಾಮೆಯ ಕಾಗದ ಮೇಜಿನ ಮೇಲಿತ್ತು. ಅದರಲ್ಲಿ ತಪ್ಪಕ್ಷರ ಇರಲಿಲ್ಲ.

ಬೇಸಿಗೆ ಕಳೆದು ಮಳೆಗಾಲ ಬಂದ ಮೇಲೆ ಠಾಣೆಯ ಸಾಹೇಬರು ಕರೆದು ಲ್ಯಾಪ್‌ಟಾಪು, ಮೊಬೈಲು ಹಿಂದಿರುಗಿಸಿದರು. ನನ್ನ ಯಂತ್ರದಲ್ಲಿ ಏನೂ ಸಿಕ್ಕಿರಲಿಲ್ಲ. ದವಾಖಾನೆಗೆ ಬಿಲ್ಲಿಂಗ್ ತಂತ್ರಾಂಶ ಕೊಟ್ಟವರು ದೂರದಿಂದ ರಿಪೇರಿ ಮಾಡಲೆಂದು ಒಂದು ದಾರಿ ಬಿಟ್ಟುಕೊಂಡಿದ್ದರಂತೆ. ಅದರ ಪಾಸ್‌ವರ್ಡನ್ನು ತಂತ್ರಾಂಶ ಹಾಕಿದ ದಿನದಿಂದ ಯಾರೂ ಬದಲಿಸಿರಲಿಲ್ಲ. ಕಳ್ಳರು ಬಂದದ್ದು ಅಲ್ಲಿಂದ.

“ಇದನ್ನ ಯಾರಿಗರ ತಿಳಸತೀರೇನ್ರಿ?” ಎಂದು ಕೇಳಿದೆ.

“ಯಾರಿಗೆ ತಿಳಸೋದ್ರಿ? ದೂರು ಕೊಟ್ಟವರು ವಾಪಸ್ ತಗೊಂಡಾರ. ಫೈಲ್ ಮುಗೀತು.” ನನ್ನ ಸಹಿ ಹಾಕಿಸಿಕೊಂಡು ವಸ್ತು ಮುಟ್ಟಿದ್ದಕ್ಕೆ ರಸೀದಿ ಇಟ್ಟುಕೊಂಡರು.

ಒಬ್ಬಳಿಗಾದರೂ ತಿಳಿಯಬೇಕು ಅನಿಸಿತು. ಬೇವೂರಿಗೆ ಹೋದೆ. ಅಜ್ಜನ ಮಗಳ ಮನೆ ಕೇಳಿದರೆ ಹೊಲದಲ್ಲಿದ್ದಾಳೆ ಅಂದರು. ಅವಳು ಸೆರಗು ಸೊಂಟಕ್ಕೆ ಬಿಗಿದು ಹೆಸರುಕಾಳಿನ ಗಿಡಗಳಿಂದ ಬುಡ್ಡಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಗುರುತು ಹಿಡಿದಳು, ಕೆಲಸ ನಿಲ್ಲಿಸಲಿಲ್ಲ. ನಾನು ಬದುವಿನ ಮೇಲೆ ನಿಂತೇ ಎಲ್ಲ ಹೇಳಿದೆ. ಯಾರು ಮಾರಿದರು, ನಾನು ಯಾವಾಗ ಹೋಗಿ ಹೇಳಿದೆ, ಅವರು ಏನಂದರು, ಪೊಲೀಸರಿಗೆ ಈಗ ಏನು ಗೊತ್ತಾಗಿದೆ, ನಾನೇಕೆ ಸಹಿ ಮಾಡಿದೆ. ಅವಳಿಗೆ ಅರ್ಥವಾಗುವಂತೆ ನಿಧಾನವಾಗಿ ಹೇಳಿದೆ. ಅರ್ಥವಾಯಿತು ಎನ್ನುವುದು ಅವಳ ಕೈ ನಿಂತದ್ದರಿಂದ ತಿಳಿಯಿತು.

“ಖರೇನ?” ಅಂದಳು.

“ನಿಮ್ಮಪ್ಪನಾಣಿ ಖರೆ.”

ಅವಳ ಕಣ್ಣು ತುಂಬಿತು, ಆದರೆ ಮುಖ ಮೆತ್ತಗಾಗಲಿಲ್ಲ.

“ಇದನ್ನ ನನಗ ಯಾಕ ಹೇಳಾಕ ಬಂದಿ? ಬೀರಪ್ಪನ ಮುಂದ ನಿಂತು ನಿನ್ನ ಹೆಸರ ತಗೊಂಡು ಬಂದೀನಿ ನಾನು. ದಿನಾ ಮುಂಜಾನೆದ್ದು ನಿನಗ ಶಾಪಾ ಹಾಕಿ ರೊಟ್ಟಿ ಬಡೀತೀನಿ. ಅದರಿಂದ ಒಂದೀಟು ಸಮಾಧಾನ ಆಗತಿತ್ತು. ಈಗ ಯಾರಿಗೆ ಹಾಕ್ಲಿ? ಊರ ಗೊತ್ತಿಲ್ಲ, ಮಾರಿ ಗೊತ್ತಿಲ್ಲ ಅವನಿಗೆ ಹಾಕ್ಲೇನು? ಆ ಡಾಕ್ಟರಗೆ ಹಾಕ್ಲೇನು? ನನ್ನ ಸಣ್ಣ ಮಗಳು ಹಡಿಯಾಕ ಅಲ್ಲೇ ಹೋಗಬೇಕು ನಾಳೆ.”

ಮಡಿಲಲ್ಲಿದ್ದ ಬುಡ್ಡಿಗಳನ್ನು ಬುಟ್ಟಿಗೆ ಸುರಿದಳು.

“ಆ ಶಾಪಕ್ಕ ನೀನ ಇರು,” ಅಂದಳು, ಮತ್ತೆ ಬುಡ್ಡಿ ಹರಿಯಲು ಬಾಗುತ್ತ. “ನನ್ನ ಕೈಗೆ ನೀ ಒಬ್ಬಾಕಿನ ಸಿಗತೀ. ಹೋಗು, ಬಸ್ ಬರೋ ಹೊತ್ತಾತು.”

ಈಗ ನಾನು ಬೇರೊಂದು ಊರಿನ ಕಂಪನಿಗೆ, ನನ್ನ ಹೆಸರು ಎಲ್ಲೂ ಹಾಕದೆ, ಅದೇ ಕೆಲಸ ಮಾಡುತ್ತೇನೆ. ಇಳಕಲ್ಲಿಗೆ ಹೋಗುವುದೂ ತಪ್ಪಿಲ್ಲ. ಕಳೆದ ವಾರ ಡಾಕ್ಟರು ಹಾಸಿಗೆಗಳ ನಡುವೆ ಓಡಾಡುತ್ತ ಅವ್ವನ ಬಳಿ ನಿಂತು, ನಾನು ಅಲ್ಲೇ ಇದ್ದರೂ ನನ್ನತ್ತ ನೋಡದೆ, “ಮಗಳು ಹೆಂಗದಾಳ್ರಿ ಅಕ್ಕೋರ?” ಎಂದು ಕೇಳಿದರು.

“ಆರಾಮ ಅದಾಳ್ರಿ, ನಿಮ್ಮ ದಯಾ,” ಅಂದಳು ಅವ್ವ.

ಬರುವಾಗ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಸಿಕ್ಕಿತ್ತು. ಊರು ಹತ್ತಿರವಾದಾಗ ತಾನಾಗಿಯೇ ಮಾತು ತೆಗೆದಳು.

“ನೀ ಬೇವೂರಿಗೆ ಹೋಗಿದ್ದಿಯಂತ.”

“ಹೋಗಿದ್ದೆ.”

“ನನ್ನ ಮ್ಯಾಲೆ ಸಿಟ್ಟೈತಿ ನಿನಗ. ಇರಲಿ. ಅವತ್ತ ಕಾರಿನ್ಯಾಗ ಜಾಗಾ ಇತ್ತು ಅನ್ನೋದು ನನಗೂ ಗೊತ್ತು. ಕಾಗದ ಸುಳ್ಳು ಅನ್ನೋದೂ ಗೊತ್ತು.” ಕಿಟಕಿಯಿಂದ ಮುಖ ತಿರುಗಿಸಲಿಲ್ಲ. “ನಾಳೆ ಮತ್ತ ಹಂಗ ಬಂದ್ರೂ ನಾ ಅದನ್ನ ಮಾಡತೇನಿ. ನನಗ ಸಾಯಾಕ ಅಂಜಿಕಿ ಬರತೈತಿ.”

ಕಂಡಕ್ಟರ್ ಹುನಗುಂದ ಎಂದು ಕೂಗಿದ. ಸೂಜಿ ಚುಚ್ಚಿದ ಎಡಗೈಗೆ ತಾಕದಂತೆ ಅವಳ ಬಲಗೈ ಹಿಡಿದು, ಹಿಂದಿನವರು ನೂಕದ ಹಾಗೆ ಮೈ ಅಡ್ಡ ಕೊಟ್ಟು, ಒಂದೊಂದೇ ಮೆಟ್ಟಿಲು ಇಳಿಸಿದೆ.